ನೀಟ್: ಅಂಕ 480ರಲ್ಲೇ ಕೂತುಬಿಟ್ಟಾಗ

ಫೆಬ್ರುವರಿ ಹೊತ್ತಿಗೆ ನೀಟ್ ಬರೆಯುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಮಾಮೂಲಿ: ‘ಎಷ್ಟು ಓದಿದ್ರೂ ಮಾರ್ಕ್ಸ್ ಮೇಲೇಳ್ತಾನೇ ಇಲ್ಲ.’ 300, 380, 450 ಎಂದು ಸರಸರನೆ ಏರಿದ್ದು 480ರ ಆಸುಪಾಸಿನಲ್ಲಿ ಗೂಟ ಹೊಡೆದು ಕೂತುಬಿಡುತ್ತದೆ. ಎಲ್ಲರಿಗೂ ಹೊಳೆಯುವ ಮದ್ದು ಒಂದೇ, ಇನ್ನಷ್ಟು ಮಾಕ್ ಟೆಸ್ಟ್. ವಾರಕ್ಕೆ ಒಂದಿದ್ದದ್ದು ಮೂರಾಗುತ್ತದೆ. ಅಂಕ ಮಾತ್ರ ಅಲ್ಲೇ.

ಮೊದಲು ಲೆಕ್ಕ. 180 ಪ್ರಶ್ನೆ, 720 ಅಂಕ. ಸರಿಗೆ 4, ತಪ್ಪಿಗೆ ಮೈನಸ್ 1. ಒಂದು ಪ್ರಶ್ನೆ ಸರಿಯಿಂದ ತಪ್ಪಿಗೆ ಜಾರಿದರೆ ಹೋಗುವುದು 5 ಅಂಕ; ಐದು ಪ್ರಶ್ನೆ ಅತ್ತಿತ್ತ ಆದರೆ 25. ಈ ಭಾನುವಾರ 470, ಮುಂದಿನ ಭಾನುವಾರ 495 ಬಂತೆಂದರೆ ಏನೂ ಬದಲಾಗಿರಲಿಕ್ಕಿಲ್ಲ, ಪ್ರಶ್ನೆಪತ್ರಿಕೆಯ ಹೊರತು. ನಾಲ್ಕೈದು ಟೆಸ್ಟುಗಳ ಸರಾಸರಿ ನೋಡದೆ ಹಿಗ್ಗುವುದೂ ದಂಡ, ಕುಗ್ಗುವುದೂ ದಂಡ.

‘ಗೊತ್ತಿಲ್ಲದ್ದನ್ನು ಮುಟ್ಟಲೇಬೇಡ’ ಎಂಬ ಉಪದೇಶವನ್ನೂ ಪೂರ್ತಿ ನಂಬಬೇಕಿಲ್ಲ. ನಾಲ್ಕರಲ್ಲಿ ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲವರು ಉಳಿದ ಎರಡರಲ್ಲಿ ಒಂದನ್ನು ತುಂಬಿದರೆ ಸರಾಸರಿ ಒಂದೂವರೆ ಅಂಕ ಲಾಭವೇ. (ಸಿಇಟಿಯಲ್ಲಂತೂ ನೆಗೆಟಿವ್ ಮಾರ್ಕ್ಸೇ ಇಲ್ಲ, ಅಲ್ಲಿ ಖಾಲಿ ಬಿಡುವುದಕ್ಕೆ ಅರ್ಥವಿಲ್ಲ.)

130 ಸರಿ, 40 ತಪ್ಪು, 10 ಖಾಲಿ: ಇದು 480ರ ಒಂದು ಸಾಮಾನ್ಯ ಚಹರೆ. ಗುಟ್ಟು ಇರುವುದು ಆ ನಲವತ್ತರಲ್ಲಿ. ಕೀ ಆನ್ಸರ್ ಜೊತೆ ತಾಳೆ ನೋಡುವಾಗ ಅದರಲ್ಲಿ ಅರ್ಧಕ್ಕರ್ಧ ‘ಸಿಲಿ ಮಿಸ್ಟೇಕ್’ ಖಾತೆಗೆ ಹೋಗುತ್ತದೆ. ಆ ಖಾತೆಯ ಮೇಲೇ ನನಗೆ ಗುಮಾನಿ.

ಒಂದು ತಂತಿಯನ್ನು ಎಳೆದು ತ್ರಿಜ್ಯ ಅರ್ಧಕ್ಕಿಳಿಸಿದರೆ ಅದರ ರೆಸಿಸ್ಟೆನ್ಸ್ ಎಷ್ಟು ಪಟ್ಟಾಗುತ್ತದೆ? ಹುಡುಗಿ 4 ಎಂದು ಗುರುತಿಸುತ್ತಾಳೆ, ಸರಿಯುತ್ತರ 16. ‘ಅಯ್ಯೋ, ಗೊತ್ತಿತ್ತು’ ಎಂದು ಪುಟ ಮಗುಚುತ್ತಾಳೆ. ಅವಳಿಗೆ ಗೊತ್ತಿದ್ದದ್ದು ತ್ರಿಜ್ಯ ಅರ್ಧವಾದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗ ಆಗುತ್ತದೆ ಎಂಬಷ್ಟೇ. ಎಳೆದ ತಂತಿಯ ಗಾತ್ರ ಬದಲಾಗದು, ಹಾಗಾಗಿ ಉದ್ದವೂ ನಾಲ್ಕು ಪಟ್ಟಾಗುತ್ತದೆ ಎಂಬುದು ತಲೆಗೆ ಬಂದೇ ಇರಲಿಲ್ಲ. ಪ್ರಶ್ನೆ ತೆಗೆದವರು 4 ಎಂಬ ಆಯ್ಕೆಯನ್ನು ಸುಮ್ಮನೆ ಇಟ್ಟಿರುವುದಿಲ್ಲ.

360 ಅಂಕದ ಬಯಾಲಜಿಯಲ್ಲಿ ಇದೇ ಕಥೆ ಬೇರೆ ವೇಷದಲ್ಲಿ. ಎಸ್‌ಎ ನೋಡ್, ಎವಿ ನೋಡ್ ಎರಡೂ ಹೃದಯದ ಬಲ ಹೃತ್ಕರ್ಣದಲ್ಲಿವೆ ಎಂದು ಎಲ್ಲರಿಗೂ ಗೊತ್ತು. ಒಂದು ಮೇಲಿನ ಬಲ ಮೂಲೆ, ಇನ್ನೊಂದು ಕೆಳಗಿನ ಎಡ ಮೂಲೆ ಎಂದು ಎನ್‌ಸಿಇಆರ್‌ಟಿ ಪುಸ್ತಕ ಹೇಳುತ್ತದೆ. ‘ಹೇಳಿಕೆ 1, ಹೇಳಿಕೆ 2’ ಮಾದರಿಯ ಪ್ರಶ್ನೆಗೆ ಆ ಮೂಲೆಗಳನ್ನು ಅದಲುಬದಲು ಮಾಡಿದರೆ ಸಾಕು, ಅರ್ಧ ಗೊತ್ತಿದ್ದವರು ಜಾರುತ್ತಾರೆ. ಏನೂ ಗೊತ್ತಿಲ್ಲದಿದ್ದರೆ ಪುಸ್ತಕ ತೆರೆದಾದರೂ ನೋಡುತ್ತಿದ್ದರು.

ಆದ್ದರಿಂದ ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಬೇಕು. ಅದರಲ್ಲಿ ಸರಿಯುತ್ತರ ಬರೆಯುವುದರಿಂದ ಪ್ರಯೋಜನ ಕಡಿಮೆ. ‘ಉದ್ದ ಬದಲಾಗುತ್ತದೆಂದು ಹೊಳೆಯಲಿಲ್ಲ’, ‘ಸರಿಯಲ್ಲದ್ದು ಯಾವುದು ಎಂದು ಕೇಳಿದ್ದನ್ನು ನೋಡಲಿಲ್ಲ’ ಎಂದು ತಪ್ಪಿನ ಕಾರಣವನ್ನೇ ಒಂದು ಸಾಲಿನಲ್ಲಿ ಬರೆಯಬೇಕು. ನಿಜವಾದ ಅವಸರದ ತಪ್ಪುಗಳು ಎಷ್ಟು ಕಡಿಮೆಯೆಂದು ಆಗ ಗೊತ್ತಾಗುತ್ತದೆ.

ಟೆಸ್ಟ್ ವಾರಕ್ಕೊಂದೇ ಸಾಕು. ಅದನ್ನೂ ಪರೀಕ್ಷೆ ನಡೆಯುವ ಮಧ್ಯಾಹ್ನ 2ರಿಂದ 5ರ ಹೊತ್ತಿನಲ್ಲೇ, ಊಟದ ತೂಕಡಿಕೆಯ ಸಮೇತ ಬರೆಯಲಿ, ಬಾಲ್‌ಪೆನ್ನಿನಲ್ಲಿ ಓಎಂಆರ್ ತುಂಬಲಿ. ಒಮ್ಮೆ ತುಂಬಿದ ವೃತ್ತವನ್ನು ಅಳಿಸಲು ಬರುವುದಿಲ್ಲ. ಮರುದಿನವನ್ನು ಪೂರ್ತಿ ತಪ್ಪುಗಳಿಗೇ ಕೊಡಲಿ. ಎರಡು ಮೂರು ವಾರ ಬಿಟ್ಟು ಅದೇ ನಲವತ್ತು ಪ್ರಶ್ನೆಗಳನ್ನು ಕೀ ಮುಚ್ಚಿಟ್ಟು ಇನ್ನೊಮ್ಮೆ ಬಿಡಿಸಲಿ. ಆಗಲೂ ತಂತಿಗೆ 4 ಎಂದೇ ಉತ್ತರ ಬಂದರೆ, ಆ ವಾರದ ಟೆಸ್ಟ್ ಬಿಟ್ಟು ವಿದ್ಯುತ್ ಪ್ರವಾಹದ ಪಾಠ ಓದುವುದೇ ಸರಿ.