ಕೆಲಸವಿಲ್ಲ ಎನ್ನಲು ನಾಚಿಕೆ ಏಕೆ?

'ಈಗ ಏನ್ ಮಾಡ್ಕೊಂಡಿದೀಯಪ್ಪಾ?'

ಮದುವೆ ಮನೆಯ ಪಂಕ್ತಿಯಲ್ಲಿ, ಜಾತ್ರೆಯ ಬೀದಿಯಲ್ಲಿ, ಊರಿನ ಬಸ್ಸಿನಲ್ಲಿ ಎದುರಾಗುವ ಈ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಯಾವ ಕೆಟ್ಟ ಉದ್ದೇಶವೂ ಇರುವುದಿಲ್ಲ. ಆದರೆ ಪದವಿ ಮುಗಿದು ಮೂರು ವರ್ಷವಾದರೂ ನೆಲೆ ಕಾಣದ ಹುಡುಗನಿಗೆ, ಕಂಪನಿಯವರು ಆಳು ಕಡಿಮೆ ಮಾಡಿದಾಗ ಮನೆಗೆ ಬಂದ ನಲವತ್ತೈದರ ಗೃಹಸ್ಥನಿಗೆ ಅದು ಮುಳ್ಳಿನಂತೆ ಚುಚ್ಚುತ್ತದೆ. ಹುಡುಗಿಯಾದರೆ ಪ್ರಶ್ನೆಯೇ ಬೇರೆ: 'ಮದುವೆ ಯಾವಾಗ?' ಅವಳೂ ಕೆಲಸ ಹುಡುಕುತ್ತಿದ್ದಾಳೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮುಂದಿನ ಮದುವೆಗೆ ಇವರು ಹೋಗುವುದಿಲ್ಲ. 'ತಲೆನೋವು, ನೀವು ಹೋಗಿ ಬನ್ನಿ' ಎಂದು ಮನೆಯಲ್ಲೇ ಉಳಿಯುತ್ತಾರೆ. ಹಳೆಯ ಸಹಪಾಠಿ ಎದುರು ಬಂದರೆ ರಸ್ತೆಯ ಆ ಬದಿಗೆ ದಾಟುತ್ತಾರೆ. ಹೀಗೆ ತಪ್ಪಿಸಿಕೊಂಡು ಓಡಾಡುವುದರಿಂದ ಮಾನ ಉಳಿಯಿತೆಂದು ಅವರಿಗೆ ಅನ್ನಿಸಬಹುದು. ವಾಸ್ತವವಾಗಿ ಕೆಲಸ ಬರಬಹುದಾಗಿದ್ದ ದಾರಿಯನ್ನೇ ಅವರು ಮುಚ್ಚಿಕೊಳ್ಳುತ್ತಿರುತ್ತಾರೆ.

ಹೊತ್ತು ಹೋಗದ ಊರು

ಕೆಲಸ ಹೋದರೆ ಸಂಬಳವಷ್ಟೇ ಹೋಗುವುದಿಲ್ಲ ಎಂಬುದನ್ನು ತೊಂಬತ್ತು ವರ್ಷಗಳ ಹಿಂದೆಯೇ ಒಂದು ಅಧ್ಯಯನ ತೋರಿಸಿಕೊಟ್ಟಿದೆ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಸಮೀಪದ ಮರೀನ್‌ತಾಲ್ ಒಂದೇ ಬಟ್ಟೆ ಕಾರ್ಖಾನೆಯನ್ನು ನಂಬಿದ್ದ ಊರು. 1929-30ರಲ್ಲಿ ಕಾರ್ಖಾನೆ ಮುಚ್ಚಿತು. ಮರೀ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಸಂಶೋಧಕರು ಅಲ್ಲಿನ ಜನಜೀವನವನ್ನು ಹತ್ತಿರದಿಂದ ನೋಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು.

ಅವರಿಗೆ ಕಂಡದ್ದು ಅಚ್ಚರಿಯ ಚಿತ್ರ. ಬೇಕಾದಷ್ಟು ಬಿಡುವಿತ್ತು, ಗ್ರಂಥಾಲಯದಲ್ಲಿ ಶುಲ್ಕವೂ ಇರಲಿಲ್ಲ. ಆದರೂ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಅನೇಕರು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ಹೆಂಗಸರ ನಡಿಗೆ ಮಾತ್ರ ಚುರುಕಾಗಿತ್ತು. ಮನೆಗೆಲಸ ಅವರಿಗೆ ರಜೆ ಕೊಟ್ಟಿರಲಿಲ್ಲ. ಕೆಲಸವು ಮನುಷ್ಯನಿಗೆ ಹಣದ ಜೊತೆಗೆ ದಿನದ ವೇಳಾಪಟ್ಟಿ, ನಾಲ್ಕು ಜನರ ಒಡನಾಟ, ತಾನೂ ಬೇಕಾದವನು ಎಂಬ ಭಾವನೆಯನ್ನು ಕೊಡುತ್ತದೆ ಎಂದು ಯಹೋದಾ ಮುಂದೆ ವಿವರಿಸಿದರು.

ನಮ್ಮಲ್ಲೂ ಒಂದೇ ಉದ್ಯಮವನ್ನು ನಂಬಿ ಬೆಳೆದ ಊರಿದೆ. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡಿದ್ದ ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ ಕೊನೆಯಲ್ಲಿ ಮುಚ್ಚಿತು. ತಲೆಮಾರುಗಳಿಂದ ನೆಲದಡಿಯ ಕಸುಬನ್ನಷ್ಟೇ ಬಲ್ಲ ಮನೆಗಳು ದಿಕ್ಕೆಟ್ಟವು. ಅಲ್ಲಿನ ಬಹಳಷ್ಟು ಮಂದಿ ಬೆಳಗಿನ ರೈಲು ಹಿಡಿದು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನ ಕೆಲಸಗಳಿಗೆ ಓಡಾಡತೊಡಗಿದರು. ಆ ದಣಿವು ಸಣ್ಣದಲ್ಲ. ಆದರೆ ಊರಿನಾಚೆ ಹೆಜ್ಜೆ ಇಡದೆ ಅವರಿಗೆ ಅನ್ನದ ದಾರಿಯೂ ಇರಲಿಲ್ಲ.

ಪರಿಚಯದವರ ಬಲ

ಹೆಜ್ಜೆ ಇಡಬೇಕಾದದ್ದು ಯಾರ ಕಡೆಗೆ? ಇದಕ್ಕೂ ಒಂದು ಉತ್ತರವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಬೋಸ್ಟನ್ ಬಳಿಯ ನ್ಯೂಟನ್ ಊರಿನಲ್ಲಿ, ಆಗಷ್ಟೇ ಕೆಲಸ ಬದಲಿಸಿದ್ದವರನ್ನು ಮಾತನಾಡಿಸಿದರು. ಪರಿಚಯದಿಂದ ಕೆಲಸ ಪಡೆದವರಲ್ಲಿ, ಆಗಾಗ ಭೇಟಿಯಾಗುತ್ತಿದ್ದ ಆಪ್ತರಿಂದ ಸುದ್ದಿ ಪಡೆದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆಲ್ಲ ದಾರಿ ತೋರಿಸಿದ್ದು ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಿತರು.

ಇದರ ಕಾರಣ ಸರಳ. ಆಪ್ತ ಗೆಳೆಯನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹಳೆಯ ಮೇಷ್ಟ್ರು, ದೂರದ ಸಂಬಂಧಿ, ಹಿಂದೆ ಒಂದೇ ಕಚೇರಿಯಲ್ಲಿದ್ದವರು ಬೇರೆ ಲೋಕದ ಸುದ್ದಿ ಬಲ್ಲರು. ಮದುವೆ ಮನೆಯಲ್ಲಿ ಸೇರುವುದು ಇಂಥವರೇ ಎಂಬುದನ್ನು ನೆನೆದರೆ, ಮನೆಯಲ್ಲೇ ಉಳಿದವನು ಕಳೆದುಕೊಂಡದ್ದೇನೆಂದು ತಿಳಿಯುತ್ತದೆ.

ಇದು ವಶೀಲಿಬಾಜಿಯ ಮಾತಲ್ಲ. 'ಎಲ್ಲಾದ್ರೂ ಒಂದು ಕೆಲಸ ಕೊಡ್ಸಿ' ಎಂದರೆ ಕೇಳಿದವರು ಇಕ್ಕಟ್ಟಿಗೆ ಸಿಕ್ಕಿ ಮಾತು ಹಾರಿಸುತ್ತಾರೆ. ಅದರ ಬದಲು, 'ಸದ್ಯ ಕೆಲಸ ಹುಡುಕ್ತಾ ಇದೀನಿ ಮಾವ. ಎರಡು ವರ್ಷ ಅಂಗಡಿ ಲೆಕ್ಕ ನೋಡಿದೀನಿ, ಟ್ಯಾಲಿ ಬರುತ್ತೆ. ನಿಮ್ಮ ಕಡೆ ಯಾರಿಗಾದ್ರೂ ಬೇಕಿದ್ರೆ ಹೇಳಿ' ಎಂದರೆ ಅವರ ಮನಸ್ಸಿನಲ್ಲಿ ಆ ಮಾತು ಉಳಿಯುತ್ತದೆ. ತನಗೆ ಏನು ಬರುತ್ತದೆ ಎಂಬುದನ್ನು ಎರಡು ವಾಕ್ಯದಲ್ಲಿ ಹೇಳಲು ಕಲಿತವನಿಗೆ ಸಂದರ್ಶನದಲ್ಲೂ ಅದು ನೆರವಾಗುತ್ತದೆ.

ಗುಟ್ಟಾಗಿ ಹುಡುಕುವವನಿಗೆ ಇನ್ನೊಂದು ಅಪಾಯವೂ ಇದೆ. ಅವನು ಯಾರ ಸಲಹೆಯನ್ನೂ ಕೇಳುವುದಿಲ್ಲವಾದ್ದರಿಂದ ವಂಚಕರಿಗೆ ಸುಲಭದ ತುತ್ತು. ನೇಮಕಾತಿಗೆ ಮೊದಲೇ 'ಡಿಪಾಸಿಟ್', 'ತರಬೇತಿ ಶುಲ್ಕ' ಎಂದು ಹಣ ಕೇಳಿದರೆ, ಮೂಲ ಅಂಕಪಟ್ಟಿ ಒಪ್ಪಿಸಿ ಎಂದರೆ ಅಲ್ಲಿಗೇ ನಿಲ್ಲಬೇಕು. ಮನೆಯಲ್ಲಿ ಒಬ್ಬರಿಗೆ ಹೇಳಿದ್ದರೂ ಎಷ್ಟೋ ಮೋಸಗಳು ತಪ್ಪುತ್ತವೆ.

ದಿನಕ್ಕೊಂದು ಕ್ರಮ

ಕೆಲಸ ಹುಡುಕುವುದೂ ಒಂದು ಕೆಲಸವೇ. ಎಂದಿನ ಹೊತ್ತಿಗೆ ಏಳುವುದು, ಸ್ನಾನ ಮಾಡಿ ಮನೆಯಿಂದ ಹೊರಡುವುದು, ಗ್ರಂಥಾಲಯದಲ್ಲೋ ಗೆಳೆಯನ ಅಂಗಡಿಯಲ್ಲೋ ಕುಳಿತು ಅರ್ಜಿ ಬರೆಯುವುದು ನಿಯಮವಾಗಲಿ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲಿಗೆ, ಯಾವ ದಿನ ಅರ್ಜಿ ಹಾಕಿದ್ದು, ಯಾರೊಂದಿಗೆ ಮಾತಾಡಿದ್ದು ಎಂದು ಬರೆದಿಟ್ಟರೆ ಹತ್ತು ದಿನ ಬಿಟ್ಟು ಮತ್ತೆ ವಿಚಾರಿಸಲು ಅನುಕೂಲ. ಸರ್ಕಾರಿ ಪರೀಕ್ಷೆಗೆ ಓದುತ್ತಿರುವವರೂ ಜೊತೆಗೆ ಒಂದಿಷ್ಟು ಸಂಪಾದನೆಯ ದಾರಿ ಇಟ್ಟುಕೊಳ್ಳುವುದು ಒಳಿತು. ಅಧಿಸೂಚನೆಗಾಗಿ ಕಾಯುತ್ತ ವಯೋಮಿತಿ ದಾಟಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹೊಸ ಕಸುಬು ಕಲಿಯುವವರಿಗೆ ಉಜಿರೆಯ ರುಡ್‌ಸೆಟ್ ಮಾದರಿ ಮುಂದಿದೆ. ಧರ್ಮಸ್ಥಳ ಮಂಜುನಾಥೇಶ್ವರ ಟ್ರಸ್ಟ್ ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ 1982ರಲ್ಲಿ ಆರಂಭಿಸಿದ ಈ ಸಂಸ್ಥೆ ಊಟ, ವಸತಿಯೊಂದಿಗೆ ಉಚಿತವಾಗಿ ಸ್ವಉದ್ಯೋಗದ ತರಬೇತಿ ಕೊಡುತ್ತ ಬಂದಿದೆ. ಇದೇ ಮಾದರಿಯಲ್ಲಿ ದೇಶದ ಹಲವು ಜಿಲ್ಲೆಗಳಲ್ಲಿ ಬ್ಯಾಂಕುಗಳು ತರಬೇತಿ ಕೇಂದ್ರಗಳನ್ನು ತೆರೆದಿವೆ.

ಮನೆಯವರ ಪಾಲು

ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದು ಹೊರಟು, ಪಾರ್ಕಿನಲ್ಲಿ ಕುಳಿತು ಸಂಜೆ ಮರಳುವ ಅಪ್ಪಂದಿರೂ ಇದ್ದಾರೆ. ಹೆಂಡತಿಗೆ ತಿಳಿಯುವುದು ಸಾಲದ ಕಂತು ತಪ್ಪಿದಾಗ. ಕೆಲಸ ಹೋದ ವಾರದಲ್ಲೇ ಮನೆಯವರೆಲ್ಲ ಕುಳಿತು ಬಾಡಿಗೆ, ಶಾಲಾ ಶುಲ್ಕ, ಕಂತುಗಳ ಪಟ್ಟಿ ಮಾಡಿದರೆ, ಕಂತು ತಪ್ಪುವ ಮೊದಲೇ ಬ್ಯಾಂಕಿನವರ ಜೊತೆ ಮಾತಾಡಿದರೆ ಅರ್ಧ ಭಯ ಇಳಿಯುತ್ತದೆ.

ಮನೆಯವರೂ ಸಂಜೆ ಸಂಜೆ 'ಏನಾಯ್ತು?' ಎಂದು ಕೇಳುವುದನ್ನು, ಪಕ್ಕದ ಮನೆಯ ಮಗನ ಸಂಬಳ ಹೇಳುವುದನ್ನು ಬಿಡಬೇಕು. ನಿದ್ರೆ ಬಾರದಿರುವುದು, ಊಟ ಬೇಡವೆನ್ನುವುದು, ಬದುಕಿ ಏನು ಪ್ರಯೋಜನ ಎಂಬ ಮಾತು ಇವನ್ನು ಸೋಮಾರಿತನವೆಂದು ತಳ್ಳಿಹಾಕಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಕಾಲು ಮುರಿದವರು ಆಸ್ಪತ್ರೆಗೆ ಹೋಗಲು ನಾಚುವುದಿಲ್ಲ. ಮನಸ್ಸು ಕುಸಿದವರೂ ನಾಚಬೇಕಾಗಿಲ್ಲ.