ದಂತ ಭಾಗ್ಯ ಇದೆ, ಉಮ್ಮನ ಬಾಯಿಯಲ್ಲಿ ಹಲ್ಲಿಲ್ಲ

ಬೆಳಗ್ಗಿನ ಅಕ್ಕಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಮೆದು ಮಾಡಿ ತಿನ್ನುವ ಉಮ್ಮಂದಿರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಇಲ್ಲ? ಹಬ್ಬದ ದಿನ ಮಾಂಸ ಬಡಿಸಲು ಹೋದರೆ "ನನಗೆ ಗಸಿ ಸಾಕು ಮಗಾ" ಎನ್ನುತ್ತಾರೆ. ಹಲ್ಲಿನ ಡಾಕ್ಟ್ರಲ್ಲಿಗೆ ಹೋಗುವ ಎಂದರೆ "ಪ್ರಾಯ ಆಯ್ತಲ್ಲ, ಇನ್ನೆಂತ ಹಲ್ಲು" ಎಂಬ ಉತ್ತರ ಸಿದ್ಧ. ನಾವೂ ಅದನ್ನು ಪ್ರಾಯದ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ.

ಆದರೆ ಹಲ್ಲು ಹೋಗುವುದು ಪ್ರಾಯದಿಂದಲ್ಲ, ಹುಳುಕು ಮತ್ತು ಒಸಡಿನ ರೋಗದಿಂದ. ಸಕ್ಕರೆ ಕಾಯಿಲೆ ಇದ್ದವರಿಗೆ ಒಸಡಿನ ತೊಂದರೆ ಇನ್ನೂ ಜಾಸ್ತಿ. ಆರಂಭದಲ್ಲೇ ತೋರಿಸಿದರೆ ಒಂದು ಫಿಲ್ಲಿಂಗಿನಲ್ಲಿ ಮುಗಿಯುವ ಕೆಲಸ ರೂಟ್ ಕೆನಾಲ್‌ವರೆಗೆ ಹೋಗುತ್ತದೆ. ಅದಕ್ಕೆ ಖಾಸಗಿ ಕ್ಲಿನಿಕ್‌ನಲ್ಲಿ ಸಾವಿರಾರು ರೂಪಾಯಿ ಬೇಕು. ಬೀಡಿ ಕಟ್ಟಿ, ಮೀನು ಮಾರಿ ಬದುಕುವ ಮನೆಗೆ ಅಷ್ಟು ದುಡ್ಡು ಎಲ್ಲಿಂದ? ಕೊನೆಗೆ ನೋವಿನ ಮಾತ್ರೆ, ಲವಂಗ, ಆಮೇಲೆ ಕೀಳಿಸುವುದು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗ್ತದೆ ಎಂಬ ಸುಳ್ಳು ಹೆದರಿಕೆ ಬೇರೆ.

ಸರಕಾರದ ವ್ಯವಸ್ಥೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ದಂತ ಭಾಗ್ಯ ಯೋಜನೆ ಬಂತು. 60 ದಾಟಿದ ಬಿಪಿಎಲ್ ಕಾರ್ಡಿನವರಿಗೆ ಉಚಿತವಾಗಿ ಹಲ್ಲಿನ ಸೆಟ್ ಎಂದು ಆರಂಭವಾದ ಇದರ ವಯೋಮಿತಿಯನ್ನು ಬಳಿಕ ಇಳಿಸಲಾಯಿತು. ಸೆಟ್ ಮಾಡಿಕೊಡುವ ಕೆಲಸಕ್ಕೆ ದಂತ ವೈದ್ಯ ಕಾಲೇಜುಗಳನ್ನು ಸೇರಿಸಿಕೊಳ್ಳಲಾಯಿತು. ನಮ್ಮ ಜಿಲ್ಲೆಯಲ್ಲಿ ಅಂಥ ಕಾಲೇಜುಗಳಿಗೆ ಬರವಿಲ್ಲ. ದೇರಳಕಟ್ಟೆಯಲ್ಲೇ ಎರಡಿವೆ, ಮಂಗಳೂರು, ಮುಕ್ಕ, ಸುಳ್ಯದಲ್ಲೂ ಇವೆ. ಎಲ್ಲವೂ ಖಾಸಗಿ. ಸರಕಾರಿ ದಂತ ವೈದ್ಯ ಕಾಲೇಜು ಜಿಲ್ಲೆಯಲ್ಲಿ ಒಂದೂ ಇಲ್ಲ.

ಹಾಗಾದರೆ ತೊಡಕು ಎಲ್ಲಿ? ಹಲ್ಲಿನ ಸೆಟ್ ಒಂದೇ ದಿನದಲ್ಲಿ ಆಗುವುದಿಲ್ಲ. ಬಾಯಿ ಪರೀಕ್ಷೆ, ಅಚ್ಚು ತೆಗೆಯುವುದು, ಕಚ್ಚುವ ಅಳತೆ, ಮೇಣದಲ್ಲಿ ಕೂರಿಸಿ ನೋಡುವುದು, ಕೊನೆಗೆ ಸೆಟ್ ಕೊಡುವುದು. ಕಡಿಮೆ ಎಂದರೂ ನಾಲ್ಕೈದು ಸಲ ಹೋಗಬೇಕು. ವಿಟ್ಲ, ಉಪ್ಪಿನಂಗಡಿ ಕಡೆಯ ಉಮ್ಮ ಒಬ್ಬರೇ ಹೋಗಲಾರರು. ಜೊತೆಗೆ ಹೋಗುವ ಮಗನ ದಿನದ ಕೂಲಿಯೂ ಹೋಯಿತು. 2023ರ ಜೂನ್‌ನಿಂದ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತ, ನಿಜ. ಆದರೆ ನಮ್ಮ ಕಡೆಯ ಹಲವು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ಬೇಕು.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿ ಸಾಮಾನ್ಯವಾಗಿ ದಂತ ವೈದ್ಯರಿಲ್ಲ. ಅವರು ಸಿಗುವುದು ಸಮುದಾಯ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಯಲ್ಲಿ. ನಾವೊಮ್ಮೆ ಮನೆಯ ಹಿರಿಯರನ್ನು ಅಂಥ ಒಂದು ಕಡೆ ಕರೆದುಕೊಂಡು ಹೋಗಿದ್ದೆವು. ಡಾಕ್ಟ್ರು ಇದ್ದರು, ಕುರ್ಚಿಯೂ ಇತ್ತು, ಯಂತ್ರ ಕೆಟ್ಟಿತ್ತು. "ಕೀಳುವುದಾದರೆ ಈಗಲೇ ಕೀಳುವ, ಫಿಲ್ಲಿಂಗ್ ಆಗ್ಲಿಕ್ಕಿಲ್ಲ" ಎಂದರು. ಉಳಿಸಬಹುದಾಗಿದ್ದ ಹಲ್ಲು ಅಂದೇ ಹೋಯಿತು.

ಮಕ್ಕಳ ಕಥೆಯೂ ಗಮನಿಸಬೇಕಾದದ್ದೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಹಲ್ಲಿನ ಹುಳುಕನ್ನೂ ನೋಡುತ್ತದೆ. ಸಾಲ ಮಾಡಿ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ ನಮ್ಮ ಮಕ್ಕಳು ಈ ಲೆಕ್ಕದಿಂದ ಹೊರಗೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾದ್ದು. ಹೊಗೆಸೊಪ್ಪು ಹಾಕದಿದ್ದರೂ ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಬಾಯಿಯಲ್ಲಿ ಮಾಸದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹೋಗದಷ್ಟು ಬಾಯಿ ಬಿಗಿದುಕೊಂಡದ್ದು ಕಂಡರೆ ನೋವಿಲ್ಲವೆಂದು ಕಾಯಬಾರದು. ಇದನ್ನು ಮೊದಲು ಗುರುತಿಸಬಲ್ಲವರು ಹಲ್ಲಿನ ಡಾಕ್ಟ್ರೇ. ಅವರು ಹತ್ತಿರ ಇಲ್ಲದಿದ್ದರೆ ಹೋಗುವುದು ಹಲ್ಲು ಮಾತ್ರವಲ್ಲ, ಜೀವ.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ದಂತ ವೈದ್ಯರ ಹುದ್ದೆ ಖಾಲಿ ಬಿಡಬಾರದು. ಯಂತ್ರ ಕೆಟ್ಟರೆ ವಾರದೊಳಗೆ ಸರಿಯಾಗಬೇಕು. ಸೆಟ್‌ನ ಅಚ್ಚು, ಅಳತೆಯ ಕೆಲಸ ತಾಲೂಕು ಆಸ್ಪತ್ರೆಯಲ್ಲೇ ನಡೆಯಬೇಕು. ಗ್ರಾಮಸಭೆಯಲ್ಲಿ, ಆರೋಗ್ಯ ರಕ್ಷಾ ಸಮಿತಿಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಎತ್ತಬೇಕು.

ನಮ್ಮಿಂದಾಗುವ ಕೆಲಸವೂ ಇದೆ. ಜಮಾಅತ್‌ಗಳು, ಯುವಕ ಸಂಘಗಳು ಶಿಬಿರ ಮಾಡುತ್ತವೆ. ಪೇಸ್ಟ್ ಹಂಚಿ ಫೋಟೊ ತೆಗೆದು ಮುಗಿಸುತ್ತವೆ. ಅದರ ಬದಲು ಹಲ್ಲಿಲ್ಲದ ಹಿರಿಯರ ಪಟ್ಟಿ ಮಾಡಿ, ರೇಶನ್ ಕಾರ್ಡು, ಆಧಾರ್ ಸರಿ ಇದೆಯೇ ನೋಡಿ, ಯೋಜನೆಯ ಈಗಿನ ನಿಯಮವನ್ನು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಲಿ. ಹತ್ತು ಮಂದಿಯನ್ನು ಒಂದೇ ಗಾಡಿಯಲ್ಲಿ ಕರೆದೊಯ್ಯಲಿ, ಐದನೇ ಸಲದವರೆಗೂ. ಮದ್ರಸಕ್ಕೆ ವರ್ಷಕ್ಕೊಮ್ಮೆ ದಂತ ವೈದ್ಯರನ್ನು ಕರೆಸಲಿ.

ಮುಂದಿನ ಹಬ್ಬಕ್ಕೆ ನಮ್ಮ ಉಮ್ಮಂದಿರು ಬರೀ ಗಸಿ ಸಾಕು ಎನ್ನದಿರಲಿ.