ನೆಲದ ಹೊಳಪು

ಸಗಣಿ ಸಾರಿಸಿದ ನೆಲಕ್ಕೆ ಹೊಳಪಿನ ಹಂಗಿರಲಿಲ್ಲ. ಕಾಲಿಗೆ ತಂಪಾಗಿದ್ದು, ಮೇಲೆ ಇಟ್ಟ ರಂಗೋಲಿ ಎದ್ದು ಕಂಡರೆ ಸಾಕಾಗಿತ್ತು. ನೆಲದಲ್ಲಿ ಮುಖ ಕಾಣಬೇಕೆಂಬ ಹಂಬಲ ನಮ್ಮಂಥವರ ಮನೆಗಳಿಗೆ ಬಂದುದು ಸಿಮೆಂಟಿನ ಬೆನ್ನು ಹಿಡಿದೇ ಇರಬೇಕು. ಮೊದಲು ಕೆಂಪು ಗಾರೆ, ಆಮೇಲೆ ಮೊಸಾಯಿಕ್, ಅನಂತರ ಅಮೃತಶಿಲೆ ಮತ್ತು ಗ್ರಾನೈಟು.

ನಾವಿರುವ ಮನೆಯ ನಡುಮನೆಗೆ ಹಳೆಯ ಮೊಸಾಯಿಕ್ ನೆಲ. ಓಡಾಡುವ ಜಾಡಿನಲ್ಲೆಲ್ಲ ಅದು ಮಸುಕಾಗಿದ್ದಿತು. ಕಳೆದ ಬೇಸಿಗೆಯಲ್ಲಿ ಇಬ್ಬರು ಕೆಲಸಗಾರರು ಬಂದು ಅದಕ್ಕೆ ಹೊಳಪು ಕೊಟ್ಟರು. ಮೂರು ದಿನ ಯಂತ್ರದ ಮೊರೆತವನ್ನು ಕೇಳುತ್ತ ಬಾಗಿಲಲ್ಲಿ ನಿಂತು ನೋಡಿದ ನನಗೆ ಮನವರಿಕೆಯಾದ ಸಂಗತಿಯೆಂದರೆ, ಹೊಳಪು ನೆಲಕ್ಕೆ ಬಳಿಯುವ ಪದಾರ್ಥವಲ್ಲ ಎಂಬುದು. ಗೋಡೆಗೆ ಸುಣ್ಣವನ್ನು ಕೂಡುತ್ತೇವೆ. ನೆಲದಿಂದ ನೆಲವನ್ನೇ ಕಳೆಯುತ್ತೇವೆ.

ಕಲ್ಲು ಮಸುಕಾಗಿ ಕಾಣುವುದಕ್ಕೆ ಕಾರಣ ಕೊಳೆಯೊಂದೇ ಅಲ್ಲ. ಕಣ್ಣಿಗೆ ಬೀಳದ ಸಾವಿರಾರು ಗೀರುಗಳು ಮೇಲೆ ಬಿದ್ದ ಬೆಳಕನ್ನು ದಿಕ್ಕುದಿಕ್ಕಿಗೆ ಚೆದರಿಸಿಬಿಡುತ್ತವೆ. ಅವನ್ನು ಅಳಿಸುವ ಉಪಾಯ ವಿಚಿತ್ರವಾದದ್ದು: ದೊಡ್ಡ ಗೀರನ್ನು ಅದಕ್ಕಿಂತ ಚಿಕ್ಕ ಗೀರಿನಿಂದ ಅಳಿಸುವುದು, ಆ ಚಿಕ್ಕದನ್ನು ಇನ್ನೂ ಚಿಕ್ಕದರಿಂದ ಅಳಿಸುವುದು. ಅದಕ್ಕೆಂದೇ ಸಾಣೆಕಲ್ಲುಗಳಿಗೆ ಅಂಕಿಗಳಿವೆ. 60ರ ಒರಟು ಕಲ್ಲಿನಿಂದ ಹೊರಟು 120ನ್ನು ದಾಟಿ 320ಕ್ಕೆ ಬರುತ್ತಾರೆ. ಅಂಕಿ ಏರಿದಷ್ಟೂ ಹರಳು ನುಣುಪು. ಈ ಕಲ್ಲುಗಳ ಜೀವವಾದ ಕಾರ್ಬೊರಂಡಮ್ಮನ್ನು 1891ರಲ್ಲಿ ಕಂಡುಹಿಡಿದವನು ಅಮೆರಿಕದ ಎಡ್ವರ್ಡ್ ಆಚೆಸನ್. ಕೊನೆಯಲ್ಲಿ ಆಕ್ಸಾಲಿಕ್ ಆಮ್ಲದ ಪುಡಿಯನ್ನು ಚೆಲ್ಲಿ, ನೀರು ಚಿಮುಕಿಸಿ ತಿಕ್ಕುತ್ತಾರೆ. ಅದು ಕಲ್ಲಿನೊಳಗಿನ ಕ್ಯಾಲ್ಸಿಯಮ್ಮಿನೊಡನೆ ಕೂಡಿ ತೆಳುವಾದೊಂದು ಪೊರೆಯಾಗುತ್ತದೆ. ವಿಷದ ಪುಡಿ, ಮಕ್ಕಳ ಕೈಗೆ ಸಿಕ್ಕಬಾರದು.

ಬಫಿಂಗ್ ಯಂತ್ರದ ಪಾಳಿ ಇಷ್ಟೆಲ್ಲ ಆದಮೇಲೆ. ಜನ ಅರೆಯುವುದನ್ನೂ ಬಫಿಂಗನ್ನೂ ಒಂದೇ ಎಂದು ತಿಳಿಯುವುದುಂಟು. ಮೊದಲನೆಯದು ಕಲ್ಲನ್ನು ಸವೆಸುತ್ತದೆ, ಎರಡನೆಯದು ಮೆತ್ತನೆಯ ಬಿಲ್ಲೆಯಿಂದ ನೇವರಿಸುತ್ತದೆ. ಸಾಮಾನ್ಯವಾದ ಯಂತ್ರ ನಿಮಿಷಕ್ಕೆ 175 ಸುತ್ತು ತಿರುಗುತ್ತದೆ. ಅದನ್ನು ತಳ್ಳಿಕೊಂಡು ಹೋಗುವುದಲ್ಲ. ಹಿಡಿಯನ್ನು ತುಸು ಮೇಲೆತ್ತಿದರೆ ಯಂತ್ರ ತಾನಾಗಿ ಬಲಕ್ಕೆ ಸರಿಯುತ್ತದೆ, ತಗ್ಗಿಸಿದರೆ ಎಡಕ್ಕೆ. ಬಲಪ್ರಯೋಗಕ್ಕೆ ಹೊರಟವನನ್ನು ಅದೇ ಗೋಡೆಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ನಮ್ಮ ಮನೆಗೆ ಬಂದಿದ್ದ ಹಿರಿಯ ಕೆಲಸಗಾರ ಅದನ್ನು ಎರಡು ಬೆರಳ ಸನ್ನೆಯಲ್ಲೆಂಬಂತೆ ಆಡಿಸುತ್ತಿದ್ದ. ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆಂದು ಕೇಳಿದೆ. ಆತ ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿ, ಎದುರಿನ ಕಿಟಕಿಯ ಸರಳುಗಳು ನೆಲದೊಳಗೆ ನೆಟ್ಟಗೆ ಕಾಣುತ್ತಿವೆಯೇ ಎಂದು ನೋಡಿ ತೋರಿಸಿದ. ಬಾಗಿದ ಸರಳು ಕಂಡಲ್ಲಿ ಇನ್ನೊಂದು ಸುತ್ತು.

ಇಷ್ಟು ಮಾಡಿಸಿದ ಹೊಳಪನ್ನು ತಿನ್ನುವುದು ಯಾವುದು? ನಮ್ಮ ಚಪ್ಪಲಿಗೆ ಅಂಟಿ ಬರುವ ಬೀದಿಯ ಮರಳು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಅಮೃತಶಿಲೆಗೆ 3ರ ಸ್ಥಾನ, ಮರಳಿನ ಬೆಣಚಿಗೆ 7. ಹೊಸಿಲ ಹೊರಗೆ ಪಾದರಕ್ಷೆ ಬಿಡುವ ನಮ್ಮ ಹಿರಿಯರ ಕಟ್ಟಳೆಯನ್ನು ಮಡಿಯ ಮಾತೆಂದು ನಗುವವರು ಈ ಎರಡು ಅಂಕಿಗಳನ್ನು ನೋಡಬೇಕು. ದಿನವೂ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದ ನೆಲ ಬಹುಕಾಲ ಯಂತ್ರವನ್ನು ಬೇಡುವುದಿಲ್ಲ. ಇನ್ನು ನಿಂಬೆಹಣ್ಣು, ಹುಣಿಸೆಹಣ್ಣು: ಹಿತ್ತಾಳೆಯ ಪಾತ್ರೆಗೆ ಅವು ಪರಮಮಿತ್ರರು. ಅಮೃತಶಿಲೆಗೂ ಶಹಾಬಾದಿನ ಕಲ್ಲಿಗೂ ಮಾತ್ರ ಶತ್ರುಗಳು, ಏಕೆಂದರೆ ಎರಡೂ ಸುಣ್ಣದ ಜಾತಿಯ ಕಲ್ಲುಗಳು. ಹುಳಿ ಬಿದ್ದಲ್ಲಿ ಹೊಳಪು ಕರಗುತ್ತದೆ.

ಕೆಂಪು ಗಾರೆಯ ನೆಲವಿರುವ ಹಳೆಯ ಮನೆಯವರು ಅರೆಯುವ ಯಂತ್ರವನ್ನು ಒಳಗೇ ಬಿಟ್ಟುಕೊಳ್ಳಬಾರದೆಂಬುದು ನನ್ನ ಖಂಡಿತವಾದ ಅಭಿಪ್ರಾಯ. ಅದರ ಬಣ್ಣವಿರುವುದು ಮೇಲಿನ ತೆಳುವಾದ ಪದರದಲ್ಲಿ. ಅರೆದರೆ ಅಡಿಯ ಬೂದು ಬಣ್ಣ ಹೊರಗೆ ಬರುತ್ತದೆ. ಕರಣೆಯಿಂದ ಗಾರೆಯವನು ತಿಕ್ಕಿ ತಂದ ನುಣುಪನ್ನು, ತಲೆಮಾರುಗಳ ಅಂಗಾಲು ಮತ್ತು ಕೊಬ್ಬರಿ ಎಣ್ಣೆಯ ಬಟ್ಟೆ ಕಾಪಾಡಿಕೊಂಡು ಬಂದಿವೆ.

ಈ ಕೆಲಸವನ್ನು ನೀರಿಲ್ಲದೆ ಮಾಡಿಸುವವರೂ ಇದ್ದಾರೆ. ಕೆಸರಾಗುವುದಿಲ್ಲ, ಬೇಗ ಮುಗಿಯುತ್ತದೆ ಎಂದು ಅವರ ವಾದ. ಆದರೆ ಗ್ರಾನೈಟನ್ನೋ ಕಾಂಕ್ರೀಟನ್ನೋ ಒಣಗಿದಂತೆಯೇ ಅರೆದಾಗ ಏಳುವ ಧೂಳಿನಲ್ಲಿ ಸಿಲಿಕ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವನ ಶ್ವಾಸಕೋಶ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಎಂಬ ಆ ರೋಗ ಒಮ್ಮೆ ಹಿಡಿದರೆ ವಾಸಿಯಾಗುವುದಿಲ್ಲ. ನಮ್ಮ ಮನೆಯಲ್ಲಿ ನೀರು ಹರಿಸಿಯೇ ಅರೆದರು. ಬೂದು ಕೆಸರನ್ನು ಬಳಿದು ಬಕೆಟ್ಟುಗಳಲ್ಲಿ ಹೊರಹಾಕುವುದರಲ್ಲಿ ಕಿರಿಯವನ ಅರ್ಧ ದಿನ ಕಳೆಯಿತು. ಆ ಅರ್ಧ ದಿನದ ಕೂಲಿಯನ್ನು ಉಳಿಸಹೊರಡುವ ಮನೆಯೊಡೆಯನಿಗೆ ನೆಲ ಮಾತ್ರ ಕಾಣುತ್ತದೆ.

ಮೂರನೆಯ ದಿನ ಸಂಜೆ ಯಂತ್ರ ನಿಂತಿತು. ಕೆಲಸವೇನೋ ಉಳಿದಿತ್ತು. ಯಂತ್ರದ ಬಿಲ್ಲೆ ದುಂಡಗೆ, ಕೋಣೆಯ ಮೂಲೆ ಚೌಕ. ಹಿರಿಯವನು ಅಂಗೈಯಗಲದ ಸಾಣೆಕಲ್ಲೊಂದನ್ನು ನೀರಿನಲ್ಲಿ ಅದ್ದಿ, ಮಂಡಿಯೂರಿ ಕುಳಿತು, ನಾಲ್ಕು ಮೂಲೆಗಳನ್ನೂ ಕೈಯಿಂದಲೇ ತಿಕ್ಕತೊಡಗಿದ.